ಇಪ್ಪತ್ತೊಂಬತ್ತು ಡಿಗ್ರಿ

ಜಮಖಂಡಿಯಂಥ ಊರಿನಲ್ಲಿ ಮನೆಗೆ ಹೀಟರ್ ಕೂಡಿಸಿದವನು ಗೋಪಾಲರಾಯನೊಬ್ಬನೇ. ಏಪ್ರಿಲ್ ಬಂತೆಂದರೆ ಅಂಗಳದಲ್ಲಿ ಬರಿಗಾಲಿಡಲು ಬಾರದ ಊರು ಇದು. ಇಲ್ಲಿ ಕೂಲರ್ ಕೊಂಡವರಿದ್ದರು, ಏಸಿ ಕೊಂಡವರಿದ್ದರು, ಕಾಸು ಕೊಟ್ಟು ಕಾವು ಕೊಂಡವನನ್ನು ಮಾತ್ರ ಓಣಿಯವರು ನೋಡಿರಲಿಲ್ಲ. "ಗೋಪಾಲರಾವ್, ಹೀಟರ್ ಆತು, ಇನ್ನ ಹಿಮಾ ಬೀಳೂ ಮಷೀನು ಯಾವಾಗ ತರ್ತೀರಿ?" ಎಂದು ಎದುರು ಮನೆಯ ಪರಮಾನಂದ ಹನ್ನೊಂದು ವರ್ಷದಿಂದ ಅದೇ ಚೇಷ್ಟೆ ಮಾಡಿ ಅದೇ ನಗೆ ನಗುತ್ತಿದ್ದ.

ನಗುವವರಿಗೇನು ಗೊತ್ತು? ಗೋಪಾಲರಾಯನದು ಕಲ್ಲುಗೋಡೆಯ ಮನೆ. ಡಿಸೆಂಬರಿನಲ್ಲಿ ಆ ಕಲ್ಲು ಹಗಲು ಹನ್ನೆರಡಾದರೂ ತಂಡಿ ಬಿಡುತ್ತಿರಲಿಲ್ಲ. ಹೆಂಡತಿ ಶುಭದಾಗೆ ಕೀಲುನೋವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರದೆ ಚಹಾದ ಕಪ್ಪನ್ನು ಎರಡೂ ಅಂಗೈಯಲ್ಲಿ ಅವುಚಿ ಹಿಡಿಯುತ್ತಿದ್ದಳು. ಅದನ್ನು ನೋಡಲಾರದೆ ಅವನು ಮೂರು ಖೋಲಿಗಳಿಗೆ ಎಣ್ಣೆ ತುಂಬಿದ ಮೂರು ಹೀಟರ್ ತಂದ. ಅವನೇನು ಸಾಮಾನ್ಯನೆ? ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ಹಂಗಾಮು ಕಬ್ಬಿನಹಾಲಿನ ಕಾವು ಅಳೆದ ಮೆಕ್ಯಾನಿಕ್. ಬಾಗಿಲ ಪಕ್ಕ ಗುಂಡಿ ತಿರುವುವ ಥರ್ಮೋಸ್ಟಾಟ್ ಡಬ್ಬಿ ಬಡಿದ. ಅದರಿಂದ ಒಂದು ಉದ್ದನೆಯ ವಾಯರು ಎಳೆದು, ಕಾವು ಅಳೆಯುವ ಹಿತ್ತಾಳೆ ಮೊಳೆಯನ್ನು ಮಂಚದ ಕಾಲಿಗೆ ಕಟ್ಟಿದ. ಮಲಗಿದವರಿಗೆ ಎಷ್ಟು ಕಾವು ತಾಗುತ್ತದೋ ಮೊಳೆ ಅಷ್ಟನ್ನೇ ಅಳೆಯುತ್ತಿತ್ತು. ಚಳಿಯಾದರೆ ಡಬ್ಬಿ 'ಟಕ್' ಅನ್ನುತ್ತಿತ್ತು, ಹೀಟರ್ ಹತ್ತುತ್ತಿತ್ತು. ಬೆಚ್ಚಗಾದರೆ ಮತ್ತೆ 'ಟಕ್', ಆರುತ್ತಿತ್ತು. ನೋಡಲು ಚೆಂದವೇನೂ ಇರಲಿಲ್ಲ, ವಾಯರು ಕಾಲಿಗೆ ತೊಡರುತ್ತಿತ್ತು, ಆದರೆ ಹನ್ನೊಂದು ವರ್ಷದಲ್ಲಿ ಅದು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಮಗಳು ಪೂರ್ವಾ ಚೊಚ್ಚಲ ಹೆರಿಗೆಗೆ ಬಂದಾಗ ಗೋಪಾಲರಾಯನಿಗೆ ಹುರುಪು ಏರಿತು. ಹುರುಪು ಅಂದರೆ ಅಂಥಿಂಥ ಹುರುಪಲ್ಲ. ಆನ್‌ಲೈನಿನಲ್ಲಿ ಹೊಸ ಸ್ಮಾರ್ಟ್ ಸೆಟ್ ತರಿಸಿದ. ಮೂರು ಖೋಲಿಗೆ ಮೂರು ಝೋನ್, ಮೂರು ಬಿಳೀ ಡಬ್ಬಿ. ವಾಯರಿಲ್ಲ, ಮೊಳೆಯಿಲ್ಲ, ಅಳೆಯುವ ಕಣ್ಣೂ ಡಬ್ಬಿಯೊಳಗೇ. ಯಾವ ಖೋಲಿ ಎಷ್ಟು ಬೆಚ್ಚಗಿದೆ ಎಂಬುದು ಕುಳಿತಲ್ಲೇ ಮೊಬೈಲಿನಲ್ಲಿ ಕಾಣುತ್ತದೆ. ಹಳೆಯ ವಾಯರನ್ನೆಲ್ಲ ಕಿತ್ತು ಸುರುಳಿ ಸುತ್ತಿ ಅಟ್ಟಕ್ಕೆ ಎಸೆದ. ಬಾಣಂತಿ ಖೋಲಿಯಲ್ಲಿ ದೀಪ ಇಡುವ ಹಳೇ ಮಾಡವೊಂದಿತ್ತು, ಗೋಡೆಯೊಳಗೆ ಕೊರೆದ ಕಮಾನಿನ ಗೂಡು. ವಾಯರು ಕಿತ್ತಾಗ ಅದರ ತಲೆಯ ಮೇಲೆ ಗಾರೆ ಉದುರಿ ಅಂಗೈಯಗಲದ ತೂತು ಬಿದ್ದಿತ್ತು. ತೂತು ಮುಚ್ಚಿದ ಹಾಗೂ ಆಯಿತು, ಡಬ್ಬಿ ಎದ್ದು ಕಂಡ ಹಾಗೂ ಆಯಿತು ಎಂದು ಅವನು ಬಿಳೀ ಡಬ್ಬಿಯನ್ನು ಅಲ್ಲೇ, ಮಾಡದ ನೆತ್ತಿಗೆ ಕೂಡಿಸಿದ. ಕೂಡಿಸಿ ಎರಡು ಹೆಜ್ಜೆ ಹಿಂದೆ ಸರಿದು, "ಹ್ಯಾಂಗದ?" ಎಂದು ಹೆಂಡತಿಯನ್ನು ಕೇಳಿದ.

"ಅಹೋ, ಛಲೋ ಕಾಣ್ತದ. ಆದ್ರ ಟಕ್ ಅನ್ನೂದಿಲ್ಲಲ್ಲ?" ಅಂದಳು ಶುಭದಾ.

"ಸಪ್ಪಳ ಮಾಡೂದಿಲ್ಲ ಇದು. ಅದಽ ಇದರ ಮಜಾ!"

ಪೂರ್ವಾಳ ದಿನ ತುಂಬುವ ಮೊದಲೇ, ಮೂರು ವಾರ ಮುಂಚೆ, ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಗಂಡು. ಎರಡು ಕಿಲೋ ಮೇಲೆ ನೂರು ಗ್ರಾಂ. ನಾಲ್ಕನೇ ದಿನ ಮನೆಗೆ ಕಳಿಸುವಾಗ ಡಾಕ್ಟರು, "ಖೋಲಿ ಬೆಚ್ಚಗಿರಲಿ. ಹೊಗೆ ಮಾತ್ರ ಬೇಡ" ಎಂದು ಎರಡು ಸಲ ಹೇಳಿದರು. ಗೋಪಾಲರಾಯ ಎರಡನೇ ಝೋನಿಗೆ, ಅಂದರೆ ಬಾಣಂತಿ ಖೋಲಿಗೆ, ಇಪ್ಪತ್ತೆಂಟು ಡಿಗ್ರಿ ಎಂದು ಒತ್ತಿ, ಮೀಸೆಯ ಮೇಲೆ ಕೈಯಾಡಿಸಿದ.

ಬಾಣಂತನಕ್ಕೆ ತೇರದಾಳದ ಯಲ್ಲಕ್ಕ ಬಂದಳು. ಯಲ್ಲಕ್ಕ ಅಂದರೆ ಜಮಖಂಡಿಯಲ್ಲಿ ಅರ್ಧ ಓಣಿಗೆ ಎಣ್ಣೆ ತಿಕ್ಕಿ ಎರೆದ ಕೈ. ಪೂರ್ವಾಳನ್ನೂ ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಖೋಲಿಯಲ್ಲಿ ಕಾಲ ಮೇಲೆ ಹಾಕಿಕೊಂಡು ಎರೆದವಳು ಅವಳೇ. ಗಂಡನಿಲ್ಲ, ಹೊಲವಿಲ್ಲ, ಒಂದು ಮನೆಯ ಬಾಣಂತನ ಮುಗಿಯುವುದರೊಳಗೆ ಇನ್ನೊಂದು ಮನೆಯವರು ಬಂದು ಕರೆಯುತ್ತಿದ್ದರು, ಅದರ ಮೇಲೆಯೇ ಅವಳ ಜೀವನ. ಬಂದವಳೇ ಮಂಚದ ಕೆಳಗೆ ಬಗ್ಗಿ ನೋಡಿ, "ಶಗಡಿ ಎಲ್ಲೈತ್ರಿ ಬಾಯಾರ?" ಎಂದು ಕೇಳಿದಳು. ಕೆಂಡದ ಶಗಡಿಯಿಲ್ಲದ ಬಾಣಂತನವನ್ನು ಅವಳು ಕಂಡಿರಲಿಲ್ಲ.

"ಶಗಡಿ ಕಾಲ ಮುಗೀತು ಯಲ್ಲಕ್ಕ," ಎಂದು ಗೋಪಾಲರಾಯ ಮೊಬೈಲ್ ತೋರಿಸಿದ. "ನೋಡಿಲ್ಲೆ. ಖೋಲಿ ಕಾವು ನನ್ನ ಕೈಯಾಗದ."

ಯಲ್ಲಕ್ಕ ಮೊಬೈಲನ್ನು ನೋಡಲಿಲ್ಲ, ಕೂಸಿನ ಅಂಗಾಲು ಮುಟ್ಟಿ ನೋಡಿದಳು. "ಆತ್ರಿ. ಬೆಚ್ಚಗ ಐತಿ," ಅಂದಳು. ಅವಳ ಲೆಕ್ಕವೆಲ್ಲ ಅಂಗಾಲಿನಲ್ಲೇ.

ಆರನೇ ದಿನ ಸಂಜೆ ಸಟವಿಯ ಪೂಜೆ. ಆ ರಾತ್ರಿ ಸಟವಿ ತಾಯಿ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆ. ಅವಳಿಗಾಗಿ ಒಂದು ಬಿಳೀ ಹಾಳೆ, ಒಂದು ಪೆನ್ನು ಇಡಬೇಕು, ಬರೆಯಲು ಬೆಳಕು ಬೇಕಲ್ಲ, ಬೆಳತನಕ ದೀಪ ಆರದ ಹಾಗೆ ನೋಡಿಕೊಳ್ಳಬೇಕು. ಶುಭದಾ ಹಿತ್ತಾಳೆಯ ದೊಡ್ಡ ಸಮೆ ದೀಪ ತಿಕ್ಕಿ, ಎರಡು ದಪ್ಪ ಬತ್ತಿ ಹಾಕಿ, ಎಣ್ಣೆ ತುಂಬಿ ತಂದಳು. ಎಲ್ಲಿಡುವುದು? ನೆಲಕ್ಕಿಟ್ಟರೆ ಯಾರಾದರೂ ಎಡವಿಯಾರು, ಕಿಟಕಿಗಿಟ್ಟರೆ ಗಾಳಿ. "ಮಾಡದಾಗ ಇಡು. ಗಾಳಿ ಹಾಯೂದಿಲ್ಲ," ಅಂದ ಗೋಪಾಲರಾಯ. ಅಂದದ್ದಷ್ಟೇ ಅಲ್ಲ, ಸಮೆಯನ್ನು ಅವಳ ಕೈಯಿಂದ ಇಸಿದುಕೊಂಡು ತಾನೇ ಮಾಡದೊಳಗಿಟ್ಟು, ತಾನೇ ಕಡ್ಡಿ ಗೀರಿದ. ಮೊಮ್ಮಗನ ಸಟವಿ ದೀಪ! ಅವನ ಕಣ್ಣು ತುಂಬಿ ಬಂದಿತ್ತು.

ಆ ರಾತ್ರಿ ಯಲ್ಲಕ್ಕ ಅವನ ಖೋಲಿಯ ಬಾಗಿಲು ಬಡಿದಳು. ನಡುವೆ ಪಡಸಾಲೆಯೊಂದೇ. ಬಾಗಿಲ ಆಚೆ ನಿಂತೇ, "ರಾಯರ, ಖೋಲಿ ತಣ್ಣಗಾಗೈತ್ರಿ. ಹೀಟರ್ ಮುಟ್ಟಿ ನೋಡಿದ್ನಿ, ಕಲ್ಲ ಆಗೈತಿ," ಅಂದಳು.

ಗೋಪಾಲರಾಯ ದಿಂಬಿನ ಪಕ್ಕದ ಮೊಬೈಲ್ ಎತ್ತಿ ನೋಡಿದ. ಎರಡನೇ ಝೋನ್, ಇಪ್ಪತ್ತೊಂಬತ್ತು ಡಿಗ್ರಿ. "ಇಪ್ಪತ್ತೊಂಬತ್ತದ ಯಲ್ಲಕ್ಕ. ಬೇಕಾದ್ದಕ್ಕಿಂತ ಒಂದು ಹೆಚ್ಚಽ ಅದ. ಅದಕ್ಕಽ ಹೀಟರ್ ತಾನಽ ನಿಂತದ. ಅದಕ್ಕ ಬುದ್ಧಿ ಅದ."

"ಕೂಸಿನ ಅಂಗಾಲ ತಣ್ಣಗಾಗ್ಯಾವ್ರಿ."

"ಇನ್ನೊಂದು ದುಬಟಿ ಹೊಚ್ಚು."

"ಹೊಚ್ಚೀನ್ರಿ. ಸ್ವಲ್ಪ ಶಗಡಿ ಹಚ್ಚಲೇನ್ರಿ?"

"ಹಚ್ಚೀಯಾ ಮತ್ತ! ಡಾಕ್ಟರ್ ಹೊಗಿ ಬ್ಯಾಡಂದಾರ. ಸುಮ್ನ ಮಲಕೋ, ಪೂರ್ವಾನ್ನೂ ಎಬ್ಬಸಬ್ಯಾಡ, ಈಗ ಗುಳಿಗಿ ತಗೊಂಡು ಮಲಗ್ಯಾಳ."

ಬಾಗಿಲ ಆಚೆ ಹೆಜ್ಜೆಯ ಸಪ್ಪಳ ದೂರವಾಯಿತು. ಗೋಪಾಲರಾಯ ಮಗ್ಗುಲಾಗಿ ನಿದ್ದೆ ಹೋದ. ಎಂಥ ನಿದ್ದೆ ಅಂತೀರಿ, ಬೆಳಿಗ್ಗೆ ಶುಭದಾ ಚೀರಿದಾಗಲೇ ಎಚ್ಚರ.

ಬಾಣಂತಿ ಖೋಲಿಯ ಚಾಪೆಯ ಮೇಲೆ ಯಲ್ಲಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಕುಪ್ಪಸ ಬಿಚ್ಚಿತ್ತು. ಸೆರಗು ಸರಿಸಿದರೆ, ಅವಳ ಎದೆಯ ಮೇಲೆ ಕೂಸು, ಮೈಮೇಲೆ ನೂಲೆಳೆಯಿಲ್ಲ! ಅದರ ಅಂಗಿ, ಟೋಪಿ, ಕಾಲುಚೀಲ ಎಲ್ಲ ಮಂಚದ ಮೇಲೆ ಬಿದ್ದಿದ್ದವು. ತುಟಿ ನೀಲಿ. ಕಣ್ಣು ತೆರೆಯಲೊಲ್ಲದು, ಅಳಲೊಲ್ಲದು. ಶುಭದಾ ಕೂಸನ್ನು ಕಸಿದುಕೊಂಡಳು. ಯಲ್ಲಕ್ಕ ಕೈಚಾಚಿ, "ಬಾಯಾರ, ಮೈಗೆ ಮೈ ಹಚ್ಚಿ ಹಿಡೀರಿ, ಬಿಡಬ್ಯಾಡ್ರಿ," ಅಂದಳು. "ಮುಟ್ಟಬ್ಯಾಡ! ನನ್ನ ಕೂಸು ಮುಟ್ಟಬ್ಯಾಡ ನೀ!" ಎಂದು ಶುಭದಾ ಒದರಿದಳು. ಆ ಗದ್ದಲದಲ್ಲಿ ಖೋಲಿ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಯಾರು ನೋಡುತ್ತಾರೆ? ಬಾಗಿಲು ತೆರೆದೇ ಇತ್ತು, ಡಿಸೆಂಬರ್ ಬೆಳಗಿನ ಗಾಳಿ ಮನೆತುಂಬ ಓಡಾಡುತ್ತಿತ್ತು. ಮಾಡದಲ್ಲಿ ದೀಪ ಇನ್ನೂ ಉರಿಯುತ್ತಿತ್ತು.

ಆಟೋ ಬಂತು. ಹೆಂಡತಿ ಮಗಳನ್ನು ಹತ್ತಿಸಿ, ತಾನು ಹತ್ತುವ ಮುನ್ನ, ಗೋಪಾಲರಾಯ ಮುಂದಿನ ಕಟ್ಟೆಯ ಮೇಲೆ ನಿಂತು ಕೂಗಾಡಿದ. ಓಣಿಯ ಮಂದಿ ನೆರೆದಿತ್ತು. ಮೊಬೈಲನ್ನು ಪರಮಾನಂದನ ಮುಖಕ್ಕೆ ಹಿಡಿದ. "ನೋಡ್ರಿ, ಗ್ರಾಫ್ ನೋಡ್ರಿ! ರಾತ್ರಿಡೀ ಖೋಲಿ ಇಪ್ಪತ್ತೊಂಬತ್ತು ಡಿಗ್ರಿ ಅದ. ಇಂಥ ತಂಡ್ಯಾಗ ಕೂಸಿನ ಬಟ್ಟಿ ಬಿಚ್ಚಿ ಬತ್ತಲೆ ಇಟ್ಟಾಳ ಇಕಿ. ಕೊಲ್ಲಾಕಿ ಇದ್ಲು!"

ಖೋಲಿ ಇಪ್ಪತ್ತೊಂಬತ್ತಿದ್ದರೆ ತಂಡಿ ಎಲ್ಲಿಂದ ಬಂತಪ್ಪ ಎಂದು ಒಬ್ಬನೂ ಕೇಳಲಿಲ್ಲ. ಯಲ್ಲಕ್ಕ ಮೂಲೆಯಲ್ಲಿ ನಿಂತು, "ನಾ ಎಬ್ಬಿಸಿದ್ನಲ್ರಿ ರಾಯರ," ಎಂದು ಒಂದೇ ಮಾತು ಅಂದಳು. ಅದನ್ನು ಗೋಪಾಲರಾಯ ಕೇಳಿಸಿಕೊಂಡ. ಕೇಳಿಸಿಕೊಂಡೂ ಆಟೋ ಹತ್ತಿಬಿಟ್ಟ. ಅವಳು ತನ್ನ ಕೈಚೀಲ ಹಿಡಿದು, ಯಾರ ಮುಖವನ್ನೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಹೋದಳು.

ಕೂಸು ಹನ್ನೊಂದು ದಿನ ದವಾಖಾನೆಯಲ್ಲಿತ್ತು. ಮೂರನೇ ದಿನಕ್ಕೆ ಸ್ವಲ್ಪ ಚೇತರಿಸಿದಾಗ ನರ್ಸಮ್ಮ ಬಂದು, ಕೂಸಿನ ಅಂಗಿ ಬಿಚ್ಚಿ ಪೂರ್ವಾಳ ಬರೀ ಎದೆಯ ಮೇಲೆ ಮಲಗಿಸಿ, ಮೇಲೆ ಸೀರೆ ಸುತ್ತಿ ಕಟ್ಟಿದಳು. "ಸಣ್ಣ ಕೂಸಿಗೆ ಇದಕ್ಕಿಂತ ಛಲೋ ಕಾವಿಲ್ಲ," ಅಂದಳು. ಗೋಪಾಲರಾಯ ಅಲ್ಲೇ ನಿಂತಿದ್ದ, ಫ್ಲಾಸ್ಕ್ ಹಿಡಿದುಕೊಂಡು. ಕಣ್ಣಾರೆ ನೋಡಿದ. ಆದರೂ ಅವನ ತಲೆಗೆ ಹೊಳೆಯಲಿಲ್ಲ ನೋಡಿ. ಮೊಬೈಲಿನ ಅಂಕಿ ತಲೆಯೊಳಗೆ ಬೇರುಬಿಟ್ಟು ಕುಳಿತಿತ್ತಲ್ಲ, ಬೇರೆಯದಕ್ಕೆ ಜಾಗವೆಲ್ಲಿ?

ಹೊಳೆದದ್ದು ಹೆಸರಿಡುವ ದಿನ, ಜನವರಿಯ ಕೊನೆಯಲ್ಲಿ. ದವಾಖಾನೆಯ ಓಡಾಟದಲ್ಲಿ ತೊಟ್ಟಿಲ ಶಾಸ್ತ್ರ ತಡವಾಗಿತ್ತು. ಬಾಣಂತಿ ಖೋಲಿಯಲ್ಲೇ ತೊಟ್ಟಿಲು ಕಟ್ಟಿದ್ದರು, ಹೆಂಗಸರು ತುಂಬಿದ್ದರು. ಶುಭದಾ ಅದೇ ಸಮೆ ಹಚ್ಚಿ, ಹುಡುಗರು ಎಡವಿಯಾರೆಂದು ಅದೇ ಮಾಡದಲ್ಲಿಟ್ಟಳು. ಪಡಸಾಲೆಯಲ್ಲಿ ಎಲೆ ಹಾಕಿಸುತ್ತಿದ್ದ ಗೋಪಾಲರಾಯನ ಜೇಬಿನಲ್ಲಿ ಮೊಬೈಲ್ ನಡುಗಿತು. ತೆಗೆದು ನೋಡಿದ: ಎರಡನೇ ಝೋನ್, ಮೂವತ್ತೊಂದು ಡಿಗ್ರಿ, ಹೀಟರ್ ನಿಂತಿದೆ.

ಮಂದಿ ತುಂಬಿದ್ದಕ್ಕೆ ಇರಬೇಕು ಅಂದುಕೊಂಡು ಬಾಗಿಲಲ್ಲಿ ಇಣುಕಿದ. ಹೆಂಗಸರು ಶಾಲು ಹೊದ್ದೇ ಕುಳಿತಿದ್ದರು. ಅವನ ಕಣ್ಣು ಗೋಡೆಗೆ ಹೋಯಿತು. ಮಾಡದೊಳಗೆ ದೀಪ. ದೀಪದ ನೆತ್ತಿಗೆ, ಗೇಣು ಅಂತರದಲ್ಲಿ, ಬಿಳೀ ಡಬ್ಬಿ.

ಕಾರ್ಖಾನೆಯಲ್ಲಿ ಹೊಸಬನೊಬ್ಬ ಉಗಿಯ ಪೈಪಿನ ಮಗ್ಗುಲಿಗೆ ಸೆನ್ಸರ್ ಕಟ್ಟಿದ್ದಕ್ಕೆ ಇದೇ ಗೋಪಾಲರಾಯ, "ಲೇ, ನೀ ಏನ್ ಅಳ್ಯಾಕತ್ತೀ ಮೊದಲ ನೋಡ್ಕೋ," ಎಂದು ಎಲ್ಲರೆದುರಿಗೆ ಉಗಿದಿದ್ದ. ಮೂವತ್ತೊಂದು ಹಂಗಾಮು! ಅವನು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತು, ಆ ರಾತ್ರಿಯ ಗ್ರಾಫ್ ತೆಗೆದ. ಓಣಿಗೆಲ್ಲ ತೋರಿಸಿದ ಗ್ರಾಫ್, ತಾನೊಮ್ಮೆಯೂ ಪೂರ್ತಿ ನೋಡದ ಗ್ರಾಫ್. ಸಂಜೆ ಏಳಕ್ಕೆ, ಅವನು ಕಡ್ಡಿ ಗೀರಿದ ಹೊತ್ತಿಗೆ, ಗೆರೆ ಮೇಲೇರಿತ್ತು. ಎಂಟಕ್ಕೆ ಹೀಟರ್ ನಿಂತಿತ್ತು. ಬೆಳಿಗ್ಗೆಯ ತನಕ ಅದು ಒಂದು ಸಲವೂ ಹತ್ತಿರಲಿಲ್ಲ.

ಒಳಗೆ ಜೋಗುಳ ಹಾಡುತ್ತಿದ್ದರು. ಗೋಪಾಲರಾಯ ಹೆಂಗಸರು ಸೆರಗು ಕಚ್ಚುವ ಹಾಗೆ ಪಂಚೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತ. ಆ ಖೋಲಿಯಲ್ಲಿ ರಾತ್ರಿಯಿಡೀ ಇದ್ದ ಕಾವು ಒಂದೇ, ಆ ಮುದುಕಿಯ ಮೈಕಾವು. ಅವಳು ಅದನ್ನೂ ಕೊಡದೆ ಹೋಗಿದ್ದರೆ ಇವತ್ತು ಹೆಸರಿಡಲು ಕೂಸೇ ಇರುತ್ತಿರಲಿಲ್ಲ.

ಮರುದಿನ ಹಸಿರು ಸೀರೆ, ಕುಪ್ಪಸದ ಖಣ, ಐದು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ತೇರದಾಳದ ಬಸ್ ಹತ್ತಿದ. ಮನೆಗೆ ಬೀಗ. "ಯಲ್ಲಕ್ಕ ಈಗ ಬನಹಟ್ಟಿಗೆ ಹೋಗ್ತಾಳ್ರಿ, ಕಂಡಿಕಿ ಸುತ್ತಾಕ. ಬಾಣಂತನಕ್ಕ ಯಾರೂ ಕರೀವಲ್ರು," ಎಂದಳು ಪಕ್ಕದ ಮನೆಯವಳು. ಯಾಕೆಂದು ಗೋಪಾಲರಾಯ ಕೇಳಲಿಲ್ಲ.

ಬನಹಟ್ಟಿಯ ಆ ಶೆಡ್ಡಿನಲ್ಲಿ ಹತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮೂಲೆಯಲ್ಲಿ ಯಲ್ಲಕ್ಕ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು. ಕೂಸುಗಳಿಗೆ ಎಣ್ಣೆ ತಿಕ್ಕುತ್ತಿದ್ದ ಬೆರಳುಗಳಿಗೆ ನೂಲು ಕೊಯ್ದು ಗೀರು ಬಿದ್ದಿದ್ದವು. ಅವನನ್ನು ಕಂಡು ಎದ್ದು ನಿಂತಳು. ಮೊದಲು ಕೇಳಿದ್ದೇ, "ಕೂಸು ಹೆಂಗೈತ್ರಿ?"

"ಛಲೋ ಅದ. ಮೂರು ಕಿಲೋ ದಾಟ್ಯದ."

"ದೇವರ ದೊಡ್ಡಾಂವ."

ಗೋಪಾಲರಾಯ ಮಗ್ಗದ ಸಪ್ಪಳದ ಮೇಲೆ ಗಂಟಲೇರಿಸಿ ಹೇಳಿದ. ದೀಪ, ಡಬ್ಬಿ, ಗ್ರಾಫ್ ಎಲ್ಲ ಹೇಳಿದ. "ತಪ್ಪು ನಂದು ಯಲ್ಲಕ್ಕ. ಖೋಲಿ ಖರೇನಽ ತಣ್ಣಗಿತ್ತು. ನೀ ಹೇಳಿದ್ದು ಖರೆ."

"ಖರೆ ಅಂತ ನನಗ ಅವತ್ತಽ ಗೊತ್ತಿತ್ತಲ್ರಿ," ಅಂದಳು ಯಲ್ಲಕ್ಕ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಹತ್ತ ಹೆಜ್ಜಿ ಇತ್ತಲ್ರಿ ರಾಯರ, ನಿಮ್ಮ ಖೋಲಿಯಿಂದ. ಬಂದು ಒಮ್ಮಿ ಅಂಗಾಲ ಮುಟ್ಟಿದ್ರ ಆಗಿತ್ತು. ನೀವು ಬಾಗಲಾನೂ ತಗೀಲಿಲ್ಲ."

ಅವನು ಚೀಲ ಮುಂದೆ ಹಿಡಿದ. "ವಾಪಸ್ ಬಾ. ಕೂಸಿಗೆ ನೀನಽ ಎರೀಬೇಕು."

ಯಲ್ಲಕ್ಕ ಚೀಲ ಮುಟ್ಟಲಿಲ್ಲ. "ಅವತ್ತ ಕಟ್ಟಿ ಮ್ಯಾಲ ನಿಂತು ಅಂದ್ರಿ. ಓಣಿಯೆಲ್ಲಾ ಕೇಳ್ತು. ಇವತ್ತ ಇಲ್ಲಿ ಮಗ್ಗದ ಸಪ್ಪಳದಾಗ ಅನ್ನಾಕತ್ತೀರಿ, ನನಗೊಬ್ಬಾಕಿಗಽ ಕೇಳಾಕತ್ತೈತಿ. ಅಲ್ಲೇ ಹೋಗಿ ಅನ್ರಿ. ಆಮ್ಯಾಲ ಯಾರರ ಕರೀತಾರೇನು ನೋಡೂಣು." ಮತ್ತೆ ಕುಳಿತು ರಾಟೆ ತಿರುವತೊಡಗಿದಳು.

ಅಂದ ಹಾಗೆಯೇ ಗೋಪಾಲರಾಯ ಮಾಡಿದ. ಅದನ್ನಾದರೂ ಅವನ ಹೆಸರಿಗೆ ಹಾಕಬೇಕು. ಅದೇ ಸಂಜೆ ಕಟ್ಟೆಯ ಮೇಲೆ ನಿಂತು ಪರಮಾನಂದನನ್ನು ಕರೆದ, ಪಕ್ಕದ ಮನೆಯ ಹರಿಪ್ರಿಯಾಬಾಯಿಯನ್ನು ಕರೆದ, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿದ. ಶುಭದಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ಅವತ್ತು ನಾನು ಸುಳ್ಳು ಹೇಳಿದೆ," ಎಂದು ಶುರುಮಾಡಿ, ಯಲ್ಲಕ್ಕ ಎಬ್ಬಿಸಲು ಬಂದದ್ದು, ತಾನು ಹಾಸಿಗೆ ಬಿಟ್ಟೇಳದೆ ಮೊಬೈಲ್ ನೋಡಿ ಕಳಿಸಿದ್ದು, ಒಂದನ್ನೂ ಬಿಡದೆ ಹೇಳಿದ. "ನನ್ನ ಮೊಮ್ಮಗನ್ನ ಉಳಿಸಿದಾಕಿ ಆಕಿ. ಕೊಲ್ಲಾಂವ ನಾ ಇದ್ದೆ."

ಪರಮಾನಂದ ಹತ್ತಿರ ಬಂದು ಬೆನ್ನು ತಟ್ಟಿದ. "ಬಿಡ್ರಿ ಗೋಪಾಲರಾವ್, ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮದೇನು ತಪ್ಪದ? ಮಷೀನಿಂದು ತಪ್ಪು. ಕೂಸು ಉಳೀತಲ್ಲ, ಮುಗೀತು."

ಮುಗೀತಂತೆ! ಅವಳನ್ನು ಕೂತು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ, ಇವನನ್ನು ಮಾತ್ರ ನಿಂತ ಕಾಲಲ್ಲೇ ಕ್ಷಮಿಸಿಬಿಟ್ಟರು. ಮಂದಿ ಚದುರಿತು. ಹರಿಪ್ರಿಯಾಬಾಯಿ ಮಾತ್ರ ಉಳಿದಳು. ಅವಳ ಮಗಳು ಏಳು ತಿಂಗಳ ಬಸುರಿ. ಗೋಪಾಲರಾಯನಿಗೆ ಆಸೆ ಮೂಡಿತು.

"ಗೋಪಾಲರಾವ್, ಒಂದು ಮಾತು ಕೇಳ್ತೀನಿ," ಅಂದಳು ಅವಳು. "ಆ ಡಬ್ಬಿ ಈಗ ಬ್ಯಾರೆ ಕಡೆ ಹಾಕೀರೇನು? ದೀಪ ದೂರ ಇಟ್ರ ಸರಿ ಹೇಳ್ತದಲ್ಲ? ನಮ್ಮ ಹುಡುಗಿ ಖೋಲಿಗೂ ಒಂದು ಕೂಡಿಸಿಕೊಡ್ರಿ."

"ಡಬ್ಬಿ ಬ್ಯಾಡ್ರಿ. ಯಲ್ಲಕ್ಕನ್ನ ಕರೀರಿ. ನಾನಽ ಹೋಗಿ ಕರ್ಕೊಂಡು ಬರ್ತೀನಿ."

"ಅಯ್ಯ, ಆಕಿ ಬ್ಯಾಡ," ಎಂದು ಹರಿಪ್ರಿಯಾಬಾಯಿ ದನಿ ತಗ್ಗಿಸಿದಳು. "ನೀವು ಹೇಳಿದ್ದು ಖರೆ ಇರಬಹುದು, ಇಲ್ಲಂತಲ್ಲ. ಆದ್ರ ಒಮ್ಮೆ ಹೆಸರು ಕೆಟ್ಟದಲ್ಲ. ಚೊಚ್ಚಲ ಬಾಣಂತನ, ನಮಗ್ಯಾಕ ಬೇಕು ಅದು?"

ಅವಳು ಹೋದ ಮೇಲೂ ಗೋಪಾಲರಾಯ ಕಟ್ಟೆಯ ಮೇಲೆ ನಿಂತೇ ಇದ್ದ. ಬನಹಟ್ಟಿಗೆ ಹೋಗಿ ಯಲ್ಲಕ್ಕನಿಗೆ ಏನೆಂದು ಹೇಳುವುದು? ಹೇಳಿದೆ, ಎಲ್ಲರೂ ಕೇಳಿದರು, ಯಾರೂ ಕರೆಯಲಿಲ್ಲ ಎಂದೇ? ಒಳಗೆ ಕೂಸು ಅತ್ತಿತು. ಅವನು ಒಳಗೆ ಹೋದ. ತನ್ನ ಖೋಲಿಯ ಬಾಗಿಲಿನಿಂದ ಬಾಣಂತಿ ಖೋಲಿಯ ತನಕ ಎಣಿಸಿಕೊಂಡು ನಡೆದ. ಹತ್ತಲ್ಲ, ಏಳೇ ಹೆಜ್ಜೆ ಇತ್ತು. ತೊಟ್ಟಿಲಿಗೆ ಬಗ್ಗಿ ಕೂಸಿನ ಅಂಗಾಲು ಮುಟ್ಟಿದ. ಬೆಚ್ಚಗಿದ್ದವು.

"ಯಾಕಪ್ಪಾ, ಅಳ್ಲಿಕತ್ತೀ?" ಎಂದು ಪೂರ್ವಾ ಅಪ್ಪನ ಮುಖ ನೋಡಿ ಕೇಳಿದಳು. ಅವನು ಅಂಗಾಲಿನ ಮೇಲಿಂದ ಕೈ ತೆಗೆಯಲಿಲ್ಲ.